ಮುಂದಾಳಿನ ಕಾಲು

ಡಿಸೆಂಬರ್ 22, 2025, ಸೋಮವಾರ

ಮೂವತ್ತೆರಡು ವರ್ಷ ಡ್ರಿಲ್ ಮೇಷ್ಟ್ರಾಗಿದ್ದವನಿಗೆ ನೋಟ್‌ಬುಕ್ ಇಲ್ಲದ ತರಬೇತಿ ತರಬೇತಿಯೇ ಅನ್ನಿಸುವುದಿಲ್ಲ. ಇವತ್ತು ತಾಳವಾಡಿಗೆ ಹೋಗಿ ಇದನ್ನು ಕೊಂಡು ತಂದೆ. ನಿವೃತ್ತಿಯಾಗಿ ಮೂರು ವರ್ಷವಾಯಿತು. ಈ ಮೂರು ವರ್ಷದಲ್ಲಿ ನಾನು ಸೀಟಿ ಊದಿದ್ದೆಲ್ಲ ಪಕ್ಕದವರ ಮೇಕೆ ನಮ್ಮ ಕೋಸಿನ ಹೊಲಕ್ಕೆ ನುಗ್ಗಿದಾಗ. ಇನ್ನು ಮುಂದೆ ಹಾಗಲ್ಲ.

ನಿನ್ನೆ ಪುಟ್ಟಬಸಪ್ಪನವರು ನಮ್ಮ ಜಗಲಿಗೇ ಬಂದಿದ್ದರು. ಪಣಕಹಳ್ಳಿಯಿಂದ ಪ್ರತಿ ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಪರಸೆಯನ್ನು ಮೂವತ್ತೊಂದು ವರ್ಷ ಮುನ್ನಡೆಸಿದವರು. ಈಗ ಎಂಬತ್ತು ತುಂಬಿದೆ, ಎರಡು ಕಣ್ಣಿಗೂ ಪೊರೆ ಬಂದಿದೆ.

"ನಂಗ ದಾರಿ ಕಾಣಕಿಲ್ಲ ಮೇಷ್ಟ್ರೆ. ಈ ಸಲ ಬೆತ್ತ ನೀವು ಇಡ್ಕಳಿ. ನಿಮ್ಮಂಗೆ ಗಟ್ಟಿಯಾಗಿ ನಡಿಯೋರು ಈ ಊರಲ್ಲಿ ಇನ್ಯಾರವ್ರೆ?" ಎಂದರು.

ನಾನು ಒಂದು ಕ್ಷಣ ಯೋಚಿಸುವವನಂತೆ ನಟಿಸಿದೆ. ನಿಜ ಹೇಳಬೇಕೆಂದರೆ ಹನ್ನೊಂದು ವರ್ಷದಿಂದ ಆ ಮಾತಿಗೆ ಕಾದಿದ್ದೆ. ಹನ್ನೊಂದು ಸಲ ಅವರ ಹಿಂದೆ ನಡೆದಿದ್ದೇನೆ, ಪ್ರತಿ ಸಲವೂ ಆ ನಾಗಬೆತ್ತದ ಮೇಲೇ ಕಣ್ಣು. ಆಸೆಯನ್ನು ಡೈರಿಯಲ್ಲಾದರೂ ಒಪ್ಪಿಕೊಳ್ಳಬೇಕು.

ಫೆಬ್ರವರಿ 9ಕ್ಕೆ ಹೊರಡುವುದು. ಚಾಮರಾಜನಗರ, ಯಳಂದೂರು, ಕೊಳ್ಳೇಗಾಲ, ಹನೂರು, ಕೌದಳ್ಳಿ, ಆಮೇಲೆ ಬೆಟ್ಟ. ಸುಮಾರು ನೂರೈವತ್ತು ಕಿಲೋಮೀಟರು, ಆರು ದಿನ, ಇಪ್ಪತ್ತಮೂರು ಜನ. ಹೊರಡುವುದಕ್ಕೆ ಒಂದು ವಾರ ಮುಂಚಿನ ಸೋಮವಾರ ಹಳೆಯ ಮುಂದಾಳು ಹೊಸಬನ ಕಾಲು ತೊಳೆದು ಬೆತ್ತ ಕೊಡುವುದು ಪದ್ಧತಿ. ಬೆತ್ತ ಹಿಡಿದವನು ಎಲ್ಲರಿಗಿಂತ ಮುಂದೆ, ಬರಿಗಾಲಲ್ಲಿ ನಡೆಯಬೇಕು.

ಇವತ್ತು ಒಂದು ವಿಚಿತ್ರವೂ ಆಯಿತು. ತಾಳವಾಡಿಯಿಂದ ನಡೆದೇ ಬಂದೆ. ಮನೆ ಬಾಗಿಲಲ್ಲಿ ಶಿವಮಲ್ಲಮ್ಮ, "ಒಂದು ಚಪ್ಪಲಿ ಎಲ್ರೀ?" ಎಂದಳು. ನೋಡಿಕೊಂಡರೆ ಎಡಗಾಲಿಗೆ ಚಪ್ಪಲಿಯೇ ಇಲ್ಲ! ದಾರಿಯಲ್ಲಿ ಯಾವಾಗ ಕಳಚಿತೋ ಗೊತ್ತೇ ಆಗಿಲ್ಲ. ಮುಂದಾಳಾಗು ಎಂದ ಮರುದಿನವೇ ಮಾದಪ್ಪ ಚಪ್ಪಲಿ ಕಸಿದುಕೊಂಡಿದ್ದಾನೆ. ಇದಕ್ಕಿಂತ ದೊಡ್ಡ ಅಪ್ಪಣೆ ಬೇಕೆ? ಬಲಗಾಲಿನದನ್ನೂ ಬಿಸಾಕಿದೆ. ಪರಸೆಯವರೆಲ್ಲ ಸಂಕ್ರಾಂತಿಗೆ ಚಪ್ಪಲಿ ಬಿಡುತ್ತಾರೆ, ನಾನು ಇವತ್ತೇ ಬಿಟ್ಟಿದ್ದೇನೆ.

ಹೆಂಡತಿ ಮಾತ್ರ, "ಮುನ್ನೂರು ರೂಪಾಯಿ ಚಪ್ಪಲಿ, ಮಾದಪ್ಪನ್ಗ್ಯಾಕೆ ಅದು?" ಎಂದಳು. ಭಕ್ತಿ ಕಡಿಮೆ ಅವಳಿಗೆ.

ಡಿಸೆಂಬರ್ 29, ಸೋಮವಾರ

ಬೆಳಗ್ಗೆ ಎರಡು ಗಂಟೆ ನಡಿಗೆ, ಸಂಜೆ ಒಂದು ಗಂಟೆ. ಮೊದಲ ಎರಡು ದಿನ ಕಲ್ಲು ಚುಚ್ಚುತ್ತದೇನೋ ಎಂದು ಹೆದರಿದ್ದೆ. ಏನೂ ಇಲ್ಲ. ರಾಗಿ ಕೊಯ್ದ ಹೊಲದ ಕೂಳೆಯ ಮೇಲೆ ನಡೆದರೂ ಜಮಖಾನದ ಮೇಲೆ ನಡೆದ ಹಾಗಿದೆ. ಒಂದು ವಾರಕ್ಕೇ ಪಾದ ಇಷ್ಟು ಪಳಗಿದರೆ ಫೆಬ್ರವರಿ ಹೊತ್ತಿಗೆ ಕಬ್ಬಿಣವಾಗುತ್ತದೆ.

ಮನೆ ಮನೆಗೆ ಬಂದು ಬಿ.ಪಿ., ಶುಗರ್ ನೋಡುವ ಲೋಕೇಶ್ವರಿ ಇವತ್ತು ಬಂದಿದ್ದಳು. ಆರೋಗ್ಯ ಕೇಂದ್ರದ ಹುಡುಗಿ, ಕೆಲಸದಲ್ಲಿ ಚುರುಕು. ಶಿವಮಲ್ಲಮ್ಮನ ಬೆರಳು ಚುಚ್ಚಿ ನೋಡಿ, "ನಿಮ್ದು ನಾರ್ಮಲ್ ಕಣಮ್ಮ. ಸಾರ್, ನೀವೂ ಬೆರಳು ಕೊಡಿ" ಎಂದಳು.

"ಡ್ರಿಲ್ ಮೇಷ್ಟ್ರಿಗೆ ಶುಗರ್ ಬಂದ ಕಥೆ ಎಲ್ಲಾದರೂ ಕೇಳಿದ್ದೀಯಾ? ಮುಂದಿನ ಮನೆಗೆ ಹೋಗಮ್ಮ" ಎಂದು ಕಳಿಸಿದೆ. ಪಾಪ, ಶುಗರ್ ನೋಡುವ ಅವಳ ಪಟ್ಟಿಯೊಂದು ಉಳಿಯಿತಲ್ಲ.

ಜನವರಿ 5, 2026, ಸೋಮವಾರ

ಸಾಮೂಹಿಕ ತರಬೇತಿಯ ಮೊದಲ ದಿನ. ಬೆಳಗ್ಗೆ ಐದೂವರೆಗೆ ಶಾಲೆಯ ಮೈದಾನದಲ್ಲಿ ಸೇರಬೇಕೆಂದು ಹೇಳಿದ್ದೆ. ಐದೂವರೆಗೆ ಬಂದವರು ಇಬ್ಬರು: ನಾನು ಮತ್ತು ಒಂದು ನಾಯಿ. ಆರು ಗಂಟೆಗೆ ಹದಿನೇಳು ಜನ ಶಾಲು ಹೊದ್ದು, ಕೈ ಕಂಕುಳಲ್ಲಿಟ್ಟುಕೊಂಡು ಬಂದರು. ನಮ್ಮ ಬೆಟ್ಟದ ಸೀಮೆಯ ಚಳಿಗೆ ಮಾರ್ಗಶಿರ ಪುಷ್ಯ ಎಂಬ ಭೇದವಿಲ್ಲ. ನನಗೇನೂ ಚಳಿ ಅನ್ನಿಸಲಿಲ್ಲ. ಈಗೀಗ ರಾತ್ರಿ ಮಲಗಿದಾಗಲೂ ಪಾದ ಉರಿಯುವಷ್ಟು ಶಾಖ ಹುಟ್ಟುತ್ತದೆ, ಕಂಬಳಿಯಿಂದ ಕಾಲು ಹೊರಗಿಟ್ಟೇ ಮಲಗುತ್ತೇನೆ. ವ್ಯಾಯಾಮ ಮಾಡುವ ಮೈಯಲ್ಲಿ ರಕ್ತ ಚೆನ್ನಾಗಿ ಓಡುತ್ತದೆ.

ತರಬೇತಿಯ ಹೊತ್ತಿಗೆ ಎಲ್ಲರ ಚಪ್ಪಲಿಯನ್ನೂ ಮೈದಾನದಲ್ಲೇ ಬಿಡಿಸಿ, ಜೀರಹಳ್ಳಿ ಕಡೆಯ ರಸ್ತೆಯಲ್ಲಿ ಒಂದು ಗಂಟೆ ನಡೆದೆವು. ಕಾಡು ಶುರುವಾಗುವಲ್ಲಿ ಫಾರೆಸ್ಟ್ ಗಾರ್ಡ್ ತಡೆದ. ರಾತ್ರಿ ಆನೆ ದಾಟಿವೆಯಂತೆ, ಹಸಿ ಲದ್ದಿ ತೋರಿಸಿದ. ವಾಪಸ್ಸು ತಿರುಗಿದೆವು. ನಾಳೆಯಿಂದ ತಾಳವಾಡಿ ರಸ್ತೆಯೇ.

ನಡಿಗೆಯಲ್ಲಿ ಎಲ್ಲರಿಗಿಂತ ತೊಂದರೆ ಕೊಟ್ಟವನು ಮಹದೇವಸ್ವಾಮಿ. ತಾಳವಾಡಿ ಬಸ್ ಸ್ಟ್ಯಾಂಡ್ ಹತ್ತಿರ ಟೈಲರ್ ಅಂಗಡಿ ಇಟ್ಟಿದ್ದಾನೆ, ನನ್ನ ಹಳೆಯ ವಿದ್ಯಾರ್ಥಿ. ಏಳನೇ ಕ್ಲಾಸಿನಲ್ಲಿ ಕಬಡ್ಡಿ ಆಡು ಎಂದರೆ ಮೊಣಕಾಲು ತರಚುತ್ತದೆ ಎನ್ನುತ್ತಿದ್ದ. ಆಗಲೇ ನಾನು ಅವನಿಗೆ 'ಮುಟ್ಟಿದರೆ ಮುನಿ' ಎಂದು ಹೆಸರಿಟ್ಟಿದ್ದೆ. ನಲವತ್ತು ತುಂಬಿದರೂ ಬದಲಾಗಿಲ್ಲ. ದಿನವೆಲ್ಲ ಕೂತು ಮಿಷನ್ ತುಳಿಯುವ ಕಾಲು. ಹತ್ತು ಹೆಜ್ಜೆಗೊಮ್ಮೆ "ಉಸ್ಸ್!" "ಅಯ್ಯಪ್ಪೋ, ಇಲ್ಲಿ ಮುಳ್ಳದೆ ಕಣ್ರಪ್ಪಾ!" ಎಂದು ಕೂಗುವುದು. ಅವನು ಕೂಗಿದಾಗಲೆಲ್ಲ ಹಿಂದಿನವರು ನಿಂತು ನೆಲ ನೋಡುತ್ತಾರೆ, ಸಾಲು ಕೆಡುತ್ತದೆ.

"ಲೋ ಸ್ವಾಮಿ, ಹೋಗ್ತಿರೋದು ಮಾದಪ್ಪನ ಬೆಟ್ಟಕ್ಕೆ, ಮಾವನ ಮನೆಗಲ್ಲ. ಬಾಯಿ ಮುಚ್ಚಿಕೊಂಡು ನಡಿ" ಎಂದೆ.

"ನೋವು ಬಂದ್ರೆ ಬಾಯಿ ತಂತಾನೆ ತೆರ್ಕಂಡ್ಬುಡ್ತದೆ ಸಾರ್" ಎಂದ. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಜನವರಿ 11, ಭಾನುವಾರ

ತೂಕ ನೋಡಿಸಿದೆ. ನಾಲ್ಕು ಕಿಲೋ ಇಳಿದಿದ್ದೇನೆ! ನಿವೃತ್ತಿಯ ದಿನ ಹೊಲಿಸಿದ ಪ್ಯಾಂಟಿಗೆ ಈಗ ಬೆಲ್ಟ್ ಬೇಕು. ಬಾಯಾರಿಕೆಯೂ ಜೋರು, ದಿನಕ್ಕೆ ಏಳೆಂಟು ಚೊಂಬು ನೀರು. ನೀರು ಕುಡಿಯುವುದು ಒಳ್ಳೆಯದೇ. ರಾತ್ರಿ ನಾಲ್ಕು ಸಲ ಏಳಬೇಕಾಗುತ್ತದೆ ಅನ್ನುವುದೊಂದೇ ತೊಂದರೆ.

ಜನವರಿ 15, ಗುರುವಾರ

ಹಬ್ಬ. ತಮಿಳುನಾಡಿಗೆ ಸೇರಿದ ಕನ್ನಡದ ಊರು ನಮ್ಮದು; ಅರ್ಧ ಜನ ನಿನ್ನೆ ಸಂಕ್ರಾಂತಿ ಮಾಡಿದರು, ಅರ್ಧ ಜನ ಇವತ್ತು ಪೊಂಗಲ್. ನಮ್ಮ ಮನೆಯಲ್ಲಿ ಎರಡೂ. ಸಿಹಿ ಪೊಂಗಲ್ ಎರಡು ಸಲ ಬಡಿಸಿಕೊಂಡೆ. ನಡೆಯುವವನಿಗೆ ಶಕ್ತಿ ಬೇಕು.

ಎಲ್ಲರೂ ಚಪ್ಪಲಿ ಬಿಟ್ಟರು. ಈಗ ಅವರಿಗೆ ಗೊತ್ತಾಗುತ್ತದೆ ನನ್ನ ಬೆಲೆ.

ಜನವರಿ 25, ಭಾನುವಾರ

ಇಪ್ಪತ್ತಮೂರು ಜನರೂ ಸೇರಿ ಹದಿನೆಂಟು ಕಿಲೋಮೀಟರ್ ನಡೆದೆವು. ಮಧ್ಯಾಹ್ನ ಹನ್ನೆರಡಕ್ಕೆ ಟಾರು ರಸ್ತೆ ಕಾದ ಕಾವಲಿಯಾಗಿತ್ತು. ಒಬ್ಬೊಬ್ಬರೂ ಅಂಚಿನ ಹುಲ್ಲು ಹುಡುಕಿ ಓಡಿದರು. ನಾನೊಬ್ಬನೇ ರಸ್ತೆಯ ಮಧ್ಯೆ, ಬೆನ್ನು ನೆಟ್ಟಗೆ. ಸಾಲಿನಲ್ಲಿದ್ದ ಆಟೋ ಓಡಿಸುವ ಪ್ರಕಾಶ್, "ಮೇಷ್ಟ್ರ ಮೈಮ್ಯಾಲೆ ಮಾದಪ್ಪನೇ ಬಂದವ್ನೆ ಕಣ್ಲಾ, ನೋಡ್ಲಾ!" ಎಂದು ಕೂಗಿದ. ಒಂದಿಬ್ಬರು ಹೆಂಗಸರು ನಿಜವಾಗಿಯೂ ಕೈ ಮುಗಿದರು.

ಬೇಡ ಎಂದು ಬಾಯಲ್ಲಿ ಹೇಳಿದೆ. ಆದರೆ ಮನಸ್ಸು ಅರಳಿತು. ಅರವತ್ತೊಂದನೇ ವಯಸ್ಸಿನಲ್ಲಿ ಇಷ್ಟು ಸಂತೋಷ ನನಗೆ ಸಿಗುತ್ತದೆಂದು ಗೊತ್ತಿರಲಿಲ್ಲ. ಮನೆಗೆ ಬಂದು ಹೆಂಡತಿಗೆ ಇದನ್ನೆಲ್ಲ ಎರಡು ಸಲ ಹೇಳಿದೆ. ಅವಳು ಹುರುಳಿ ಕೇರುತ್ತಿದ್ದಳು. "ಬಿಸಿಲು ಎಲ್ರನ್ನೂ ಸುಡ್ತದೆ, ನಿಮ್ಮನ್ಯಾಕೆ ಸುಡಲ್ಲ?" ಎಂದಳು. ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ. ಆದರೆ ಅವಳ ಮುಖ ಹೊಗಳುವವರ ಮುಖದ ಹಾಗಿರಲಿಲ್ಲ.

ಜನವರಿ 29, ಗುರುವಾರ

ಬೆಳಗ್ಗೆಯೇ ಜಗಳ. ಸಾರಿಸಿದ ನಡುಮನೆಯಲ್ಲಿ ಬಾಗಿಲಿಂದ ಅಡುಗೆಮನೆವರೆಗೆ ಕೆಂಪು ಕಲೆಗಳಿವೆ, ರಕ್ತ ಎನ್ನುತ್ತಾಳೆ. ತರಕಾರಿ ಹೆಚ್ಚುವಾಗ ನಿನ್ನ ಬೆರಳೇ ಕೊಯ್ದಿರುತ್ತದೆ ನೋಡಿಕೋ ಎಂದೆ. ಹತ್ತು ಬೆರಳನ್ನೂ ನನ್ನ ಮುಖದ ಮುಂದೆ ಹಿಡಿದಳು. ಯಾವುದರಲ್ಲೂ ಗಾಯವಿರಲಿಲ್ಲ. ಹಾಗಾದರೆ ಕೆಮ್ಮಣ್ಣು ಎಂದೆ. "ನಿಮ್ ಕಾಲು ತೋರ್ಸಿ" ಎಂದಳು. ತರಬೇತಿಗೆ ಹೊತ್ತಾಗಿತ್ತು, ಹೊರಟೆ. ಸಂಜೆ ಬಚ್ಚಲಲ್ಲಿ ಚೆನ್ನಾಗಿ ಉಜ್ಜಿ ತೊಳೆದುಕೊಂಡೆ. ಬಗ್ಗಿ ಅಂಗಾಲು ನೋಡಿಕೊಳ್ಳಲು ಹೊಟ್ಟೆ ಬಿಡಲಿಲ್ಲ, ಕಣ್ಣೂ ಮಂಜಾಗಿತ್ತು. ನೋವೇ ಇಲ್ಲದ ಮೇಲೆ ನೋಡುವುದೇನು?

ಫೆಬ್ರವರಿ 1, ಭಾನುವಾರ

ನಾಳೆ ಬೆತ್ತ. ಬಿಳಿ ಪಂಚೆ, ಅಂಗಿ ಇಸ್ತ್ರಿ ಮಾಡಿಸಿದ್ದೇನೆ.

ಫೆಬ್ರವರಿ 2, ಸೋಮವಾರ

ಬರೆಯಬಾರದು ಎಂದುಕೊಂಡೆ. ಆದರೆ ಗೆದ್ದ ದಿನ ಮಾತ್ರ ಬರೆದರೆ ಅದು ಡೈರಿಯಲ್ಲ, ಸ್ಪೋರ್ಟ್ಸ್ ಡೇ ವರದಿ.

ಸಂಜೆ ಐದಕ್ಕೆ ಮಾದಪ್ಪನ ಗುಡಿಯ ಮುಂದೆ ಊರೇ ಸೇರಿತ್ತು. ನನ್ನನ್ನು ಮಣೆಯ ಮೇಲೆ ಕೂರಿಸಿದರು. ಪುಟ್ಟಬಸಪ್ಪನವರು ಕೆಳಗೆ ಕೂತು ಹಿತ್ತಾಳೆ ತಟ್ಟೆಯಲ್ಲಿ ನನ್ನ ಬಲಗಾಲಿಟ್ಟು ಅರಿಸಿನದ ನೀರು ಹುಯ್ದರು. ತಮಟೆ ಹೊಡೆಯುತ್ತಿತ್ತು. ಬಲಗಾಲು ಮುಗಿಯಿತು. ಎಡಗಾಲು ಇಟ್ಟರು. ಕಣ್ಣು ಕಾಣದವರು, ಬೆರಳಲ್ಲೇ ತಡವಿ ತಡವಿ ತೊಳೆಯುತ್ತಿದ್ದರು. ಒಂದು ಕಡೆ ಅವರ ಬೆರಳು ನಿಂತಿತು. ಮತ್ತೆ ಹಿಂದಕ್ಕೆ ಬಂದು ಅಲ್ಲೇ ನಿಂತಿತು. ಬಾಗಿ ಮೂಸಿ ನೋಡಿದರು.

"ತಮಟೆ ನಿಲ್ಸುರ್ಲಾ" ಎಂದರು. ತಮಟೆ ನಿಂತಿತು.

"ಮೇಷ್ಟ್ರೆ, ಇಲ್ಲಿ ನೋವಾ?"

"ಎಲ್ಲಿ?" ಎಂದೆ.

"ಇಲ್ಲಿ. ಒತ್ತುತಾ ಇವ್ನಿ."

ಅವರು ಒತ್ತುತ್ತಿರುವುದು ನನಗೆ ಗೊತ್ತೇ ಆಗಿರಲಿಲ್ಲ. ಪ್ರಕಾಶ್ ಮೊಬೈಲಿನ ಬೆಳಕು ಬಿಟ್ಟ. ಅಂಗಾಲಿನ ಉಬ್ಬಿನಲ್ಲಿ ಒಂದು ಜಾಲಿ ಮುಳ್ಳು ಮುರಿದು ಒಳಗೇ ಕೂತಿತ್ತು. ಸುತ್ತ ಚರ್ಮ ಬೆಳ್ಳಗೆ ಸತ್ತಿತ್ತು, ಮಧ್ಯೆ ಕೀವು. ಪುಟ್ಟಬಸಪ್ಪನವರು ಉಗುರಲ್ಲಿ ಹಿಡಿದು ಎಳೆದರು. ಅರ್ಧ ಬೆರಳುದ್ದ ಬಂತು. ಅರಿಸಿನದ ನೀರು ಕೆಂಪಾಯಿತು. ಸುತ್ತ ನಿಂತವರು "ಅಯ್ಯೋ" ಎಂದರು. ಎಲ್ಲರ ಮುಖವೂ ನೋವಿನಿಂದ ಕಿವುಚಿಕೊಂಡಿತ್ತು. ನಾನೊಬ್ಬನೇ ಸುಮ್ಮನೆ ಕೂತಿದ್ದೆ, ನನ್ನ ಕಾಲಲ್ಲ ಎನ್ನುವ ಹಾಗೆ.

ಆಗ ಭಯವಾಯಿತು. ಇಡೀ ಊರಿನ ಮುಂದೆ, ಇಸ್ತ್ರಿ ಪಂಚೆಯಲ್ಲಿ ಕೂತು, ನನಗೆ ಭಯವಾಯಿತು.

ಬೆತ್ತ ಗುಡಿಯ ಒಳಗೇ ಉಳಿಯಿತು. ಶಿವಮಲ್ಲಮ್ಮ ಸೆರಗಿನಿಂದ ನನ್ನ ಕಾಲು ಸುತ್ತಿದಳು.

ಫೆಬ್ರವರಿ 3, ಮಂಗಳವಾರ

ತಾಳವಾಡಿ ಆಸ್ಪತ್ರೆ. ಶುಗರ್ ಮುನ್ನೂರ ನಲವತ್ತು. ಎಷ್ಟೋ ವರ್ಷದಿಂದ ಇದ್ದಿರಬೇಕು ಎಂದರು ಡಾಕ್ಟರು. ಗಾಯ ಬಿಡಿಸಿ ತೊಳೆದು ಕಟ್ಟು ಹಾಕಿದರು. ಇಂಜೆಕ್ಷನ್, ಮಾತ್ರೆ. ಇನ್ನೂ ಹತ್ತು ದಿನ ಬಿಟ್ಟಿದ್ದರೆ ಬೆರಳು ಹೋಗುತ್ತಿತ್ತು, ಇನ್ನೂ ಬಿಟ್ಟಿದ್ದರೆ ಪಾದ ಹೋಗುತ್ತಿತ್ತು ಎಂದರು. ಕೊಯಮತ್ತೂರಿಗೆ ಕಳಿಸಿ ಕತ್ತರಿಸಬೇಕಾಗುತ್ತಿತ್ತಂತೆ.

ಲೋಕೇಶ್ವರಿ ಅಲ್ಲೇ ಇದ್ದಳು. ಒಂದು ನೈಲಾನ್ ದಾರದಂಥದ್ದು ತಂದು, "ಕಣ್ಣು ಮುಚ್ಚಿ ಸಾರ್. ಕಾಲ್ಗೆ ದಾರ ಮುಟ್ಟಿದ್ದು ಗೊತ್ತಾದಾಗೆಲ್ಲ ಊಂ ಅನ್ನಿ" ಎಂದಳು. ಇದೇನು ಮಹಾ ಪರೀಕ್ಷೆ ಎಂದು ಕಣ್ಣು ಮುಚ್ಚಿದೆ. ಒಂದು ಅಂದಾಜಿನ ಮೇಲೆ, ಹಾಜರಿ ಕೂಗುವ ಗತ್ತಿನಲ್ಲಿ, ಹನ್ನೆರಡು ಸಲ ಹೂಂ ಎಂದೆ.

"ಸಾರ್, ನಾ ಮುಟ್ಟಿದ್ದು ನಾಕೇ ಸಲ" ಎಂದಳು.

ಅವಳು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಡಿಸೆಂಬರಿನಲ್ಲಿ ಅವಳನ್ನು ಬಾಗಿಲಿಂದಲೇ ಕಳಿಸಿದ್ದು ನೆನಪಾಗಿ ನಾಚಿಕೆಯಾಯಿತು.

ಕಾಲಿನ ನರಗಳು ಸತ್ತಿವೆ. ಶುಗರ್ ಹತೋಟಿಯಲ್ಲಿಟ್ಟರೆ ಇನ್ನಷ್ಟು ಕೆಡದಂತೆ ನೋಡಿಕೊಳ್ಳಬಹುದು, ಹೋದದ್ದು ಬರುವ ಭರವಸೆ ಇಲ್ಲ ಎಂದರು. ಇನ್ನು ಜನ್ಮದಲ್ಲಿ ಬರಿಗಾಲಲ್ಲಿ ನಡೆಯುವ ಹಾಗಿಲ್ಲ, ಮನೆಯೊಳಗೂ. ದಿನಾ ರಾತ್ರಿ ಯಾರಾದರೂ ಅಂಗಾಲು ನೋಡಬೇಕು. ನಾನೇ ಕನ್ನಡಿ ಇಟ್ಟು ನೋಡಿಕೊಳ್ಳುತ್ತೇನೆ ಎಂದೆ. "ನಿಮ್ ಕಣ್ಣೂ ಮಂಜಾಗದೆ ಸಾರ್, ಬೇರೆಯೋರ್ ಕೈಲಿ ನೋಡ್ಸಿ" ಎಂದಳು ಲೋಕೇಶ್ವರಿ.

ಫೆಬ್ರವರಿ 5, ಗುರುವಾರ

ಎರಡು ದಿನ ಕೂತು ಯೋಚಿಸಿದೆ. ಸೋಲುವುದು ನನ್ನ ಜಾಯಮಾನವಲ್ಲ. ತಾಳವಾಡಿಯಿಂದ ಒಂದು ಜೊತೆ ಶೂ ತರಿಸಿದೆ. ಒಳಗೆ ಮೆತ್ತೆ, ಮೇಲೆ ಎರಡು ಪಟ್ಟಿ. ಆಟೋದಲ್ಲಿ ಪುಟ್ಟಬಸಪ್ಪನವರ ಮನೆಗೆ ಹೋದೆ.

"ಬೆತ್ತ ಕೊಡಿ. ಶೂ ಹಾಕಿಕೊಂಡು ಮುಂದೆ ನಡೆಯುತ್ತೇನೆ. ಮಾದಪ್ಪನಿಗೆ ನನ್ನ ಭಕ್ತಿ ಮುಖ್ಯವೋ, ಚರ್ಮ ಮುಖ್ಯವೋ?" ಎಂದೆ. ದಾರಿಯಲ್ಲಿ ಚೆನ್ನಾಗಿ ಅಭ್ಯಾಸ ಮಾಡಿಕೊಂಡ ಮಾತು.

ಅವರು ಎಲೆಅಡಿಕೆ ಕುಟ್ಟುತ್ತಿದ್ದರು. "ಮುಂದಾಳು ಯಾಕೆ ಬರಿಗಾಲಲ್ಲಿ ನಡೀಬೇಕು, ಹೇಳಿ ನೋಡೋಣ" ಎಂದರು.

"ಹರಕೆ. ಕಷ್ಟ ಸಹಿಸಬೇಕು. ಹಿಂದಿನವರಿಗೆ ಅವನನ್ನು ನೋಡಿ ಧೈರ್ಯ ಬರಬೇಕು."

"ಅಲ್ಲ ಕಣಪ್ಪ." ಕುಟ್ಟುವುದನ್ನು ನಿಲ್ಲಿಸಿದರು. "ನಮ್ಮಪ್ಪ ನಂಗ ಬೆತ್ತ ಕೊಡುವಾಗ ಹೇಳಿದ್ದು ಹೇಳ್ತೀನಿ. ಬೆಳಕರಿಯೋಕ್ ಮುಂಚೆ ಪರಸೆ ಒರಡ್ತದೆ. ಕತ್ತಲು. ಹಿಂದೆ ಮುದುಕೀರು, ಮಕ್ಕಳು, ಬಸುರೀರು ಬತ್ತಾ ಇರ್ತಾರೆ. ಮೊದಲು ಮುಂದಾಳ ಕಾಲ್ಗೆ ಚುಚ್ಚಬೇಕು, ಅವನು ಅಯ್ಯೋ ಅನ್ನಬೇಕು, ಹಿಂದಿನೋರು ಸುತ್ಕಂಡು ಓಗಬೇಕು. ಅದುಕ್ಕೆ ಬರಿಗಾಲು. ಮೂವತ್ತೊಂದು ವರ್ಷ ನಾ ಎಷ್ಟು ಕೂಗಿವ್ನಿ ಗೊತ್ತಾ? ನೀವು ಹಿಂದೆ ನಡ್ದಿದ್ದು ಹನ್ನೊಂದು ವರ್ಷ. ಒಂದ್ಸಲಾನೂ ಕಿವಿಗೆ ಬೀಳಲಿಲ್ವಾ?"

ಬಿದ್ದಿತ್ತು. ಮುದುಕ, ಸಹಿಸಲಾರದೆ ಕೂಗುತ್ತಾನೆ ಎಂದುಕೊಂಡಿದ್ದೆ. ನಾನಾಗಿದ್ದರೆ ಕೂಗುತ್ತಿರಲಿಲ್ಲ ಎಂದೂ ಅಂದುಕೊಂಡಿದ್ದೆ. ಅದನ್ನು ಅವರಿಗೆ ಹೇಳಲಿಲ್ಲ, ಇಲ್ಲಿ ಬರೆದಿದ್ದೇನೆ.

"ಗಟ್ಟಿ ಕಾಲು ಅಂತ ನಾನೂ ನಿಮ್ಮನ್ನ ಕರ್ದುಬುಟ್ಟೆ. ತಪ್ಪು ನಂದೂವೆ" ಎಂದರು. "ಬೆತ್ತ ಮಹದೇವಸ್ವಾಮಿ ಇಡ್ಕಳ್ಳಲಿ."

"ಆ ಮುಟ್ಟಿದರೆ ಮುನಿಯಾ?" ಬಾಯಿಂದ ಬಂದೇ ಬಿಟ್ಟಿತು.

"ಊಂ, ಅವನೇಯ. ಅವನ ಕಾಲ್ಗೆ ಕಡ್ಲೆ ಸಿಪ್ಪೆ ಸಿಕ್ಕಿದ್ರೂ ಗೊತ್ತಾಯ್ತದೆ."

ವಾಪಸ್ಸು ಬರುವಾಗ ಆಟೋದಲ್ಲಿ ಅತ್ತೆ. ಪ್ರಕಾಶ್ ಕನ್ನಡಿಯನ್ನು ಬೇರೆ ಕಡೆ ತಿರುಗಿಸಿಕೊಂಡ. ಒಳ್ಳೆಯ ಹುಡುಗ.

ಫೆಬ್ರವರಿ 7, ಶನಿವಾರ

ಮಹದೇವಸ್ವಾಮಿ ಮನೆಗೆ ಬಂದಿದ್ದ. ಬಾಗಿಲಲ್ಲೇ ನಿಂತಿದ್ದ. "ನಂಗ ದಾರಿ ಗೊತ್ತಿಲ್ಲ ಸಾರ್, ನೀವು ಬರ್ದೇ ಇದ್ರೆ ನಾ ಓಗಕಿಲ್ಲ" ಎಂದ. ಮೂವತ್ತು ವರ್ಷದ ಹಿಂದೆ ಸ್ಪೋರ್ಟ್ಸ್ ಡೇ ದಿನ ಹೊಟ್ಟೆನೋವು ಎನ್ನುತ್ತಿದ್ದವನದೇ ಮುಖ.

ಸಾಮಾನು, ಅಡುಗೆ ಪಾತ್ರೆ ಹೊತ್ತು ಮುಂದೆ ಹೋಗುವ ಟೆಂಪೋದಲ್ಲಿ ನಾನು ಹೋಗಬಹುದೇ ಎಂದು ಡಾಕ್ಟರನ್ನು ಕೇಳಿದೆ. ಗಾಯ ಒಣಗುತ್ತಿದೆ. ಕೂತುಕೊಂಡು ಹೋಗಿ, ಹೆಚ್ಚು ಓಡಾಡಬೇಡಿ, ಶೂ ಬಿಚ್ಚಬೇಡಿ ಎಂದರು. ಹೆಂಡತಿಯದು ಮಾತ್ರ ಬೇರೆ ಷರತ್ತು. ದಿನಾ ಸಂಜೆ ಯಾರಿಗಾದರೂ ಎರಡೂ ಅಂಗಾಲು ತೋರಿಸಬೇಕು. ನೋಡಿದವರೇ ಅವಳಿಗೆ ಫೋನ್ ಮಾಡಿ ಹೇಳಬೇಕು. ನಾನು ಹೇಳಿದರೆ ನಡೆಯುವುದಿಲ್ಲ. "ನಿಮ್ ಮಾತು ನಂಬಿ ನಡುಮನೆ ತುಂಬ ರಕ್ತ ಸಾರಿಸ್ದೆ" ಎಂದಳು. ಒಪ್ಪಿದೆ.

ಮಹದೇವಸ್ವಾಮಿಗೆ ತಂಗುವ ಊರುಗಳ ಪಟ್ಟಿ, ಹೊರಡುವ ಹೊತ್ತು, ನೀರು ಸಿಗುವ ಜಾಗ ಎಲ್ಲ ಬರೆದು ಕೊಟ್ಟೆ. ಸೀಟಿಯನ್ನೂ ಕೊಟ್ಟೆ.

ಫೆಬ್ರವರಿ 9, ಸೋಮವಾರ, ಚಾಮರಾಜನಗರ

ಬೆಳಗಿನ ಜಾವ ನಾಲ್ಕಕ್ಕೆ ಹೊರಟರು. "ಉಘೇ ಮಾದಪ್ಪ" ಎಂದು ಇಡೀ ಊರು ಕೂಗಿತು. ನಾನು ಟೆಂಪೋದ ಮುಂದಿನ ಸೀಟಿನಲ್ಲಿ, ಈರುಳ್ಳಿ ಮೂಟೆ ಪಕ್ಕ. ಅವರ ಪಕ್ಕದಲ್ಲಿ ಹಾದು ಹೋಗುವಾಗ ಮಹದೇವಸ್ವಾಮಿಯ ಕೂಗು ಕೇಳಿಸಿತು: "ಉಸ್ಸ್, ಎಡಕ್ಕೆ ಕಲ್ಲದೆ!" ಸಾಲು ಬಲಕ್ಕೆ ಬಾಗಿತು. ಹೊಟ್ಟೆಕಿಚ್ಚಾಯಿತು ಎಂದು ಬರೆಯುತ್ತೇನೆ, ಯಾಕೆಂದರೆ ಆಯಿತು.

ನಿಲ್ಲುವ ಛತ್ರ ಗುಡಿಸಿಸಿದೆ, ನೀರು ಕಾಯಿಸಿದೆ, ಅಡುಗೆಯವರ ಬೆನ್ನು ಹತ್ತಿದೆ. ಮಧ್ಯಾಹ್ನ ಎಲ್ಲರೂ ಬಂದು ಉಂಡು ಬಿದ್ದುಕೊಂಡರು. ಕಾಲು ನೋಡು ಎಂದು ಯಾರನ್ನು ಕೇಳುವುದು? ಇವರೆಲ್ಲರ ಎದುರು ಟಾರು ರಸ್ತೆಯ ಮೇಲೆ ಬೆನ್ನು ನೆಟ್ಟಗೆ ನಡೆದವನು ನಾನು. ಪ್ರಕಾಶನ ಧ್ವನಿ ಅಣಕಿಸಿ ನಾನೇ ಹೆಂಡತಿಗೆ ಫೋನ್ ಮಾಡಿದೆ. "ಚಿಕ್ಕಮ್ಮ, ಮೇಷ್ಟ್ರ ಕಾಲು ನೋಡ್ದೆ, ಚೆನ್ನಾಗವೆ." ಅವಳು, "ಸರಿ ಕಣಪ್ಪ ಪ್ರಕಾಶ" ಎಂದಳು. ನಂಬಿದಳೋ ಇಲ್ಲವೋ.

ಫೆಬ್ರವರಿ 10, ಮಂಗಳವಾರ, ಯಳಂದೂರು

ಇವತ್ತು ಫೋನ್ ಎತ್ತಲಿಲ್ಲ ಅವಳು. ಮೂರು ಸಲ ಮಾಡಿದೆ. ನಿನ್ನೆ ಪ್ರಕಾಶನಾಗಿ ಮಾತಾಡಿದ್ದೂ ನನ್ನ ನಂಬರಿಂದಲೇ, ಅದೂ ಕಾರಣವಿರಬಹುದು.

ಫೆಬ್ರವರಿ 11, ಬುಧವಾರ, ಕೊಳ್ಳೇಗಾಲ

ನಡೆಯುವವರು ಇವತ್ತು ಮೂರು ಗಂಟೆಗೆ ಬಂದರು. ಎಲ್ಲರ ಕಾಲಲ್ಲೂ ಬೊಕ್ಕೆ, ಆದರೆ ಒಬ್ಬರಿಗೂ ಮುಳ್ಳು ಹೊಕ್ಕಿಲ್ಲ. ಮಹದೇವಸ್ವಾಮಿಯ ಗಂಟಲು ಮಾತ್ರ ಕಟ್ಟಿದೆ. ಅವನಿಗೆ ಬಿಸಿನೀರು ಕೊಟ್ಟು, ಇಷ್ಟು ದಿನ ಅವನನ್ನು ಹಂಗಿಸಿದ್ದಕ್ಕೆಲ್ಲ ಬದಲಾಗಿ, "ಚೆನ್ನಾಗಿ ನಡೆಸುತ್ತಿದ್ದೀಯ" ಎಂದೆ. ಅವನಿಗೆ ಉಗುಳು ನುಂಗಲೂ ನೋಯುತ್ತಿತ್ತು, ಸುಮ್ಮನೆ ತಲೆ ಆಡಿಸಿದ.

ನಾನು ಬೆಳಗ್ಗೆಯಿಂದ ಸಂತೆ, ಅಂಗಡಿ, ಛತ್ರ ಎಂದು ಓಡಾಡಿದ್ದೆ. ಹೆಚ್ಚು ಓಡಾಡಬೇಡಿ ಎಂದಿದ್ದರು, ಓಡಾಡಿದೆ. ಸಂಜೆ ಎಲ್ಲರೂ ಮಲಗಿದ್ದರು. ಅವನೊಬ್ಬ ಕಂಬಕ್ಕೆ ಒರಗಿ, ಹರಿದ ಚೀಲ ಹೊಲಿಯುತ್ತ ಕೂತಿದ್ದ. ಅವನ ಮುಂದೆ ಎರಡು ಸಲ ಹೋದೆ, ಎರಡು ಸಲ ಬಂದೆ. ಮೂರನೇ ಸಲ ಕೂತೆ.

"ಸ್ವಾಮಿ, ನನ್ನ ಕಾಲು ಸ್ವಲ್ಪ ನೋಡ್ತೀಯಾ? ನನಗೆ ಗೊತ್ತಾಗೋದಿಲ್ಲ."

ಈ ಮಾತು ಹೇಳಲು ಮೂರು ದಿನ ಬೇಕಾಯಿತು. ಹೇಳಿದ ಮೇಲೆ ಏನೂ ಆಗಲಿಲ್ಲ. ಅವನು ಸೂಜಿಯನ್ನು ಅಂಗಿಗೆ ಚುಚ್ಚಿ, ನನ್ನ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡ. ವಿದ್ಯಾರ್ಥಿಗಳು ನನ್ನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡದ್ದು ಎಷ್ಟೋ ಸಲ, ಅಂಗಾಲನ್ನು ಯಾರಿಗೂ ತೋರಿಸಿರಲಿಲ್ಲ. ಶೂ ಬಿಚ್ಚಿದ, ಕಾಲುಚೀಲ ಎಳೆದ, ಮೊಬೈಲ್ ಬೆಳಕು ಬಿಟ್ಟು ಬೆರಳು ಬೆರಳಿನ ಸಂದಿಯನ್ನೂ ನೋಡಿದ. ಎಡಗಾಲಿನ ಹಳೆಯ ಗಾಯ ಒಣಗಿದೆ ಎಂದ. ಬಲಗಾಲಿನ ಹಿಮ್ಮಡಿಗೆ ಬಂದಾಗ ಬಾಯಲ್ಲಿ "ಉಸ್ಸ್" ಎಂದ, ತನಗೇ ನೋವಾದ ಹಾಗೆ.

"ಸಾರ್, ಇಲ್ಲಿ ಕೆಂಪಗೆ ಕುಳಿ ಬಿದ್ದದೆ. ಚರ್ಮ ಇನ್ನೂ ಕಿತ್ತಿಲ್ಲ. ನಾಳೆಗಂಟ ಬುಟ್ಟಿದ್ರೆ ಕಿತ್ತೋಗ್ತಿತ್ತು."

ಶೂ ತಲೆಕೆಳಗು ಮಾಡಿ ಕೊಡವಿದ. ಹುಣಸೆಬೀಜದಷ್ಟು ದೊಡ್ಡ ಜಲ್ಲಿಕಲ್ಲೊಂದು ನೆಲಕ್ಕೆ ಬಿತ್ತು. ಬೆಳಗ್ಗೆ ಶೂ ಹಾಕಿಕೊಳ್ಳುವಾಗಲೇ ಒಳಗಿದ್ದಿರಬೇಕು. ಇಡೀ ದಿನ ಅದರ ಮೇಲೆ ನಡೆದಿದ್ದೆ.

ಅವನು ನನ್ನ ಮನೆಗೆ ಫೋನ್ ಮಾಡಿ, ಕಟ್ಟಿದ ಗಂಟಲಲ್ಲೇ ಎಲ್ಲವನ್ನೂ ಒಂದೂ ಬಿಡದೆ ಹೇಳಿದ. ನಾಳೆ ಸಂಜೆಯೂ ತಾನೇ ನೋಡುತ್ತೇನೆ ಎಂದ. ಆ ಕಡೆ ಶಿವಮಲ್ಲಮ್ಮ ಅಳುತ್ತಿರುವುದು ನನಗೂ ಕೇಳಿಸಿತು. ಅಷ್ಟರಲ್ಲಿ ನಾನು ನೆಲದ ಮೇಲಿನ ಕಲ್ಲು ಎತ್ತಿಕೊಂಡು ಅಂಗೈಯಲ್ಲಿಟ್ಟು ಮುಷ್ಟಿ ಬಿಗಿದೆ. ಕೈಗೆ ಚೆನ್ನಾಗಿ ಗೊತ್ತಾಗುತ್ತದೆ. ಚುಚ್ಚಿತು, ತುಂಬ ನೋವಾಯಿತು, "ಅಯ್ಯೋ" ಎಂದೆ.